ವಿದ್ಯೆಗಾಗಿ ಮಾಡುವ ಸಾಲ

(ಶ್ರೀಮಠದ ಮಹೋತ್ಸವದ ಪ್ರಯುಕ್ತ ಬಂಗಾರಪೇಟೆಯ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಹಿಂದಿನ ಕಾಲದಲ್ಲಿ ಬೇಸಗೆ ಬಂದಿತೆಂದರೆ ಭಕ್ತರು ಮಠಕ್ಕೆ ಬಂದು ಲಗ್ನವನ್ನೂ ಗೃಹಪ್ರವೇಶದ ದಿವಸವನ್ನೂ ವಿಚಾರಿಸುತ್ತಿದ್ದರು. ಈಗ ಬೇಸಗೆಯ ಕಡೆಯಲ್ಲಿ ಬರುವವರು ಇನ್ನೊಂದನ್ನು ವಿಚಾರಿಸುತ್ತಾರೆ. ಮಗನಿಗೋ ಮಗಳಿಗೋ ಕಾಲೇಜಿನಲ್ಲಿ ಸೀಟು ದೊರೆತಿದೆ. ಶುಲ್ಕಕ್ಕೆ ಕೈಯಲ್ಲಿ ದ್ರವ್ಯವಿಲ್ಲ. ಬ್ಯಾಂಕಿನವರು ಸಾಲ ಕೊಡುವೆವೆನ್ನುತ್ತಾರೆ. ರುಜು ಹಾಕಬಹುದೆ, ಬೇಡವೆ? ಸಾಲವೆಂಬುದು ಶೂಲವೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ವಿದ್ಯೆಗಿಂತ ಮಿಗಿಲಾದ ಧನವಿಲ್ಲವೆಂದು ಹೇಳಿದವರೂ ಆ ಹಿರಿಯರೇ. ಎರಡು ಮಾತುಗಳೂ ಒಂದೇ ಮನೆಯ ಜಗುಲಿಯ ಮೇಲೆ ಎದುರುಬದುರಾಗಿ ಕುಳಿತಾಗ ಗೃಹಸ್ಥನು ಏನು ಮಾಡತಕ್ಕದ್ದು ಎಂಬುದೇ ಈ ದಿವಸದ ವಿಚಾರ.

ಈ ಪ್ರಶ್ನೆಯು ಬೇರೆ ಊರುಗಳಿಗೆ ಮೆಲ್ಲಮೆಲ್ಲನೆ ಬಂದಿತು. ಬಂಗಾರಪೇಟೆಗೂ ಚಿನ್ನದ ಗಣಿಯ ಸೀಮೆಗೂ ಅದು ಒಮ್ಮೆಗೇ ಬಂದಿತು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಬೌರಿಂಗ್‌ಪೇಟೆಯೆನಿಸಿದ್ದ ಈ ಊರು, ೧೮೯೪ರಲ್ಲಿ ಮಾರಿಕುಪ್ಪಂವರೆಗೆ ರೈಲುಹಾದಿ ಬಿದ್ದ ತರುವಾಯ ಗಣಿಯ ಹೆಬ್ಬಾಗಿಲಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಮೊದಲು ಹರಿದು ಬಂದದ್ದು ರಾಜಧಾನಿಗಲ್ಲ, ಈ ಗಣಿಗೆ. ಟೇಲರ್ ಕಂಪೆನಿಯ ಕಾಲ ಕಳೆದು ೧೯೫೬ರಲ್ಲಿ ಮೈಸೂರು ಸರ್ಕಾರದವರೂ ೧೯೬೨ರಲ್ಲಿ ಭಾರತ ಸರ್ಕಾರದವರೂ ಗಣಿಯನ್ನು ವಹಿಸಿಕೊಂಡರು. ಯಜಮಾನರು ಬದಲಾದರೂ ಒಂದು ಪರಿಪಾಟಿ ಮಾತ್ರ ಬದಲಾಗಲಿಲ್ಲ. ತಂದೆ ಇಳಿದ ಗಣಿಗೆ ಮಗನೂ ಇಳಿಯುತ್ತಿದ್ದನು. ಕೆಲಸ ಕೇಳಲು ಹೋದವನ ತೋಳನ್ನು ನೋಡುತ್ತಿದ್ದರೇ ಹೊರತು ಅವನ ಪದವಿಪತ್ರವನ್ನಲ್ಲ. ಸಂಬಳ ಸ್ವಲ್ಪ, ಅಪಾಯ ಬಹಳ. ಆದಾಗ್ಯೂ ಹದಿನೆಂಟು ತುಂಬಿದ ಹುಡುಗನಿಗೆ ಅನ್ನದ ದಾರಿ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಆ ಕಾಲದಲ್ಲಿಯೂ ಸಾಲವಿರಲಿಲ್ಲವೆಂದಲ್ಲ. ಆಳುಗಳನ್ನು ಕರೆತರುವ ಗುತ್ತಿಗೆದಾರರು ಮುಂಗಡ ಕೊಟ್ಟು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಅದು ದೇಹವನ್ನು ಕಟ್ಟಿಹಾಕುವ ಸಾಲ. ವಿದ್ಯೆಗೂ ಅದಕ್ಕೂ ಸಂಬಂಧವಿರಲಿಲ್ಲ.

೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಯು ಮುಚ್ಚಿತು. ಅದಾದ ಎರಡು ತಿಂಗಳಿಗೆ, ಅದೇ ವರುಷದ ಏಪ್ರಿಲ್ ೨೮ರಂದು, ಭಾರತೀಯ ಬ್ಯಾಂಕುಗಳ ಸಂಘದವರು ರಚಿಸಿದ ಮಾದರಿ ಶೈಕ್ಷಣಿಕ ಸಾಲದ ಯೋಜನೆಯನ್ನು ಎಲ್ಲ ಬ್ಯಾಂಕುಗಳಿಗೂ ತಿಳಿಯಪಡಿಸಿ ರಿಸರ್ವ್ ಬ್ಯಾಂಕು ಸುತ್ತೋಲೆಯನ್ನು ಹೊರಡಿಸಿತು. ಒಂದಕ್ಕೂ ಇನ್ನೊಂದಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಈ ಸೀಮೆಯ ಮಟ್ಟಿಗೆ ಒಂದು ಬಾಗಿಲು ಮುಚ್ಚಿದ ಕಾಲಕ್ಕೆ ಇನ್ನೊಂದು ತೆರೆಯಿತು; ಮುಚ್ಚಿದ ಬಾಗಿಲಿನೊಳಗೆ ಬರಿಗೈಯಲ್ಲಿ ಹೋಗಬಹುದಾಗಿತ್ತು, ತೆರೆದ ಬಾಗಿಲಿನೊಳಕ್ಕೆ ಹೋಗಲು ಸುಂಕ ತೆರಬೇಕು. ಇಂದು ಬೆಳಗಿನ ಜಾವ ಮಾರಿಕುಪ್ಪಂನಿಂದಲೂ ಬಂಗಾರಪೇಟೆಯಿಂದಲೂ ಬೆಂಗಳೂರಿಗೆ ಹೊರಡುವ ರೈಲುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅಜ್ಜನು ಪಾತಾಳಕ್ಕಿಳಿದು ದುಡಿದ ಊರಿನಲ್ಲಿ ಮೊಮ್ಮಗನು ಎಪ್ಪತ್ತು ಕಿಲೋಮೀಟರು ದೂರ ಹೋಗಿ ದುಡಿದು ರಾತ್ರಿ ಮನೆ ಸೇರುತ್ತಾನೆ. ಅವನಲ್ಲಿ ಕೇಳುವುದು ಈಗ ಪದವಿಯನ್ನು.

ಸಾಲದ ವಿಷಯದಲ್ಲಿ ನಮ್ಮ ನಾಡಿನ ಶಾಸ್ತ್ರಕಾರರು ಬಹಳ ಸೂಕ್ಷ್ಮವಾಗಿ ಆಲೋಚಿಸಿದವರು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರೆಯೆಂಬ ವ್ಯಾಖ್ಯಾನದಲ್ಲಿ ಋಣಾದಾನಕ್ಕೆ ಒಂದು ಪ್ರಕರಣವೇ ಇದೆ. ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥವು ಮುಂದೆ ಭರತಖಂಡದ ಬಹುಭಾಗಕ್ಕೆ ನ್ಯಾಯಶಾಸ್ತ್ರವಾಯಿತು. ಅದರಲ್ಲಿ ಮೂರು ಮಾತುಗಳು ಈ ವಿಚಾರಕ್ಕೆ ಬಹಳ ಹತ್ತಿರವಾಗಿವೆ. ತಂದೆಯ ಸಾಲವನ್ನು ಮಗನು ತೀರಿಸತಕ್ಕದ್ದು. ಆದರೆ ಕುಟುಂಬದ ನಿಮಿತ್ತವಾಗಿ ಮಾಡಿದ್ದಲ್ಲದೆ ಮಗನ ಸಾಲವನ್ನು ತಂದೆಯು ತೀರಿಸಬೇಕಾದುದಿಲ್ಲವೆಂಬುದು ಮೊದಲನೆಯದು. ಮನೆಯ ಸ್ವತ್ತನ್ನು ವೆಚ್ಚಮಾಡಿ ಕಲಿತ ವಿದ್ಯೆಯಿಂದ ಬಂದ ಸಂಪಾದನೆಯಲ್ಲಿ ಅಣ್ಣತಮ್ಮಂದಿರಿಗೂ ಭಾಗವುಂಟೆಂಬುದು ಇನ್ನೊಂದು. ಬಡ್ಡಿಯು ಅಸಲನ್ನು ಮೀರಬಾರದು, ಎರಡೂ ಸೇರಿ ಕೊಟ್ಟದ್ದರ ಇಮ್ಮಡಿಗೆ ನಿಲ್ಲಬೇಕೆಂಬುದು ಮತ್ತೊಂದು.

ಇಂದಿನ ಕಾನೂನು ಈ ಮೂರನ್ನೂ ಬದಲಾಯಿಸಿದೆ. ಹೇಗೆಂಬುದನ್ನು ಪ್ರತಿಯೊಬ್ಬ ತಂದೆಯೂ ತಿಳಿದಿರುವುದು ಒಳ್ಳೆಯದು. ೧೯೩೦ರ ಹಿಂದೂ ವಿದ್ಯಾರ್ಜಿತ ಸ್ವತ್ತಿನ ಕಾಯಿದೆಯ ಪ್ರಕಾರ, ಕುಟುಂಬದ ಹಣದಿಂದಲೇ ಓದಿದ್ದರೂ ವಿದ್ಯೆಯಿಂದ ಗಳಿಸಿದ್ದೆಲ್ಲ ಓದಿದವನದೇ. ೨೦೦೫ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯು ತಿದ್ದುಪಡಿಯಾದಂದಿನಿಂದ, ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂಬ ಒಂದೇ ಕಾರಣದಿಂದ ಅವನ ಮೇಲೆ ದಾವೆ ನಡೆಯುವುದಿಲ್ಲ. ಆದರೆ ಶೈಕ್ಷಣಿಕ ಸಾಲದ ಪತ್ರದಲ್ಲಿ ತಂದೆಯೋ ತಾಯಿಯೋ ಸಹಸಾಲಗಾರರೆಂದು ರುಜು ಹಾಕಲೇಬೇಕು. ಒಟ್ಟಿನಲ್ಲಿ ಸ್ಥಿತಿಯು ತಲೆಕೆಳಗಾಯಿತು. ಹಿಂದೆ ಮಗನ ವಿದ್ಯೆಯ ಫಲವು ಮನೆಯದಾಗಿತ್ತು, ಅವನ ಸಾಲವು ಅವನದಾಗಿತ್ತು. ಈಗ ಫಲವು ಅವನದು, ಸಾಲವು ಮನೆಯವರೆಲ್ಲರದು. ಮಕ್ಕಳನ್ನು ದೂಷಿಸುವುದಕ್ಕಾಗಿ ಈ ಮಾತು ಹೊರಟದ್ದಲ್ಲ. ಬಹುಮಂದಿ ಮಕ್ಕಳು ಮೊದಲ ಸಂಬಳದಿಂದಲೇ ಮನೆಯನ್ನು ನಡೆಸುತ್ತಾರೆ. ಆದರೆ ಬ್ಯಾಂಕಿನ ಕಾಗದವು ಪ್ರೀತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಮೂರನೆಯದಾದ ಇಮ್ಮಡಿಯ ಕಟ್ಟಳೆ. ಇದನ್ನು ಅಂಕಿಗಳಿಂದಲೇ ನೋಡಬೇಕು, ಏಕೆಂದರೆ ಸಾಲದ ವಿಷಯದಲ್ಲಿ ಅಂಕಿಯನ್ನು ಬಿಟ್ಟು ಆಡುವ ಮಾತು ಬರಿಯ ಮಾತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿರಿ. ನಾಲ್ಕು ವರುಷದ ವ್ಯಾಸಂಗ. ವರುಷದ ಮೊದಲಲ್ಲಿ ಒಂದೊಂದು ಲಕ್ಷದಂತೆ ನಾಲ್ಕು ಲಕ್ಷ ರೂಪಾಯಿ ಸಾಲ. ಬಡ್ಡಿಯು ನೂರಕ್ಕೆ ವರುಷಕ್ಕೆ ಹತ್ತು. ವ್ಯಾಸಂಗದ ಕಾಲದಲ್ಲಿಯೂ ಅದು ಮುಗಿದ ಮೇಲಿನ ಒಂದು ವರುಷದಲ್ಲಿಯೂ ಕಂತು ಕಟ್ಟಬೇಕಾದುದಿಲ್ಲ. ಇದನ್ನು ಕೇಳಿದ ಗೃಹಸ್ಥರು ಆ ಐದು ವರುಷ ಬಡ್ಡಿಯೇ ಇಲ್ಲವೆಂದು ತಿಳಿದುಬಿಡುತ್ತಾರೆ. ಕಂತಿಗೆ ವಿರಾಮವುಂಟು, ಬಡ್ಡಿಗೆ ವಿರಾಮವಿಲ್ಲ. ಮೊದಲ ಲಕ್ಷಕ್ಕೆ ಐದು ವರುಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕಡೆಯದಕ್ಕೆ ಎರಡು, ಹೀಗೆ ಸರಳಬಡ್ಡಿಯೇ ೧,೪೦,೦೦೦ ರೂಪಾಯಿ ಬೆಳೆಯುತ್ತದೆ. ಅದು ಅಸಲಿಗೆ ಸೇರಿ ೫,೪೦,೦೦೦ ಆಗುತ್ತದೆ. ಹತ್ತು ವರುಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು ೭,೧೩೬ ರೂಪಾಯಿ. ಕಟ್ಟಿದ ಒಟ್ಟು ಮೊತ್ತ ಸುಮಾರು ೮,೫೬,೦೦೦. ಕಂತು ಭಾರವಾಯಿತೆಂದು ಹದಿನೈದು ವರುಷಕ್ಕೆ ಹಂಚಿಸಿಕೊಂಡರೆ ತಿಂಗಳಿಗೆ ಸುಮಾರು ೫,೮೦೦ ಆಗುತ್ತದೆ. ಒಟ್ಟು ಮೊತ್ತ ೧೦,೪೪,೦೦೦ಕ್ಕೆ ಏರುತ್ತದೆ. ಮಿತಾಕ್ಷರೆಯ ಇಮ್ಮಡಿಯು ಒಂದು ಕಾಲಕ್ಕೆ ಬಾಕಿ ನಿಂತ ಬಡ್ಡಿಯ ಮಾತೇ ಹೊರತು ವರುಷಗಟ್ಟಲೆ ಕಟ್ಟುತ್ತ ಬಂದುದರ ಮೊತ್ತವಲ್ಲವೆಂದು ಪಂಡಿತರು ಆಕ್ಷೇಪಿಸಬಹುದು, ಆಕ್ಷೇಪವು ಸರಿಯೇ. ಆದರೂ ನಾಲ್ಕು ತಂದವನು ಎಂಟೂವರೆ ಕಟ್ಟುತ್ತಾನೆ, ಅವಧಿ ಬೆಳೆದರೆ ಹತ್ತನ್ನೂ ಮೀರಿ ಕಟ್ಟುತ್ತಾನೆ ಎಂಬುದು ರುಜು ಹಾಕುವ ಮುಂಚೆ ತಿಳಿದಿರತಕ್ಕ ಸಂಗತಿ.

ಇದೇ ಲೆಕ್ಕದಲ್ಲಿ ಒಂದು ಉಪಾಯವೂ ಅಡಗಿದೆ. ಓದುವ ಕಾಲದಲ್ಲಿಯೇ ಆಯಾ ತಿಂಗಳ ಬಡ್ಡಿಯನ್ನು ಕಟ್ಟುತ್ತ ಹೋದರೆ ಮೊದಲ ವರುಷ ತಿಂಗಳಿಗೆ ೮೩೩ ರೂಪಾಯಿ, ನಾಲ್ಕನೆಯ ವರುಷ ೩,೩೩೩ ರೂಪಾಯಿ ಬೀಳುತ್ತದೆ. ಹೀಗೆ ಕಟ್ಟಿದವರಿಗೆ ಬಡ್ಡಿಯಲ್ಲಿ ನೂರಕ್ಕೆ ಒಂದರಷ್ಟು ರಿಯಾಯಿತಿ ಕೊಡಬಹುದೆಂದು ಮಾದರಿ ಯೋಜನೆಯೇ ಹೇಳುತ್ತದೆ. ಕಂತು ಆರಂಭವಾದಾಗ ಅಸಲು ನಾಲ್ಕು ಲಕ್ಷವೇ ಇದ್ದು, ಮಗುವಿನ ಹೆಗಲಿಗೆ ಏಳು ಸಾವಿರದ ಬದಲು ಐದು ಸಾವಿರದ ಚಿಲ್ಲರೆ ಬರುತ್ತದೆ. ಮಗಳು ಓದುವಾಗ ಮನೆಯವರು ಹೊಸ ವಾಹನಕ್ಕೆ ಕಂತು ಕಟ್ಟಿ ಬಡ್ಡಿಯನ್ನು ಬೆಳೆಯಬಿಡುವುದು ಈಗೀಗ ಕಾಣುತ್ತಿರುವ ಒಂದು ವಿಪರೀತ.

ಸರ್ಕಾರದ ನೆರವೂ ಉಂಟು. ವರುಷದ ಆದಾಯ ನಾಲ್ಕೂವರೆ ಲಕ್ಷಕ್ಕೆ ಮೀರದ ಮನೆಯ ಮಕ್ಕಳು ತಾಂತ್ರಿಕ ಅಥವಾ ವೃತ್ತಿಶಿಕ್ಷಣಕ್ಕೆ ಸೇರಿದರೆ, ಆ ವಿರಾಮಕಾಲದ ಬಡ್ಡಿಯನ್ನು ತಾನು ಕೊಡುವುದಾಗಿ ೨೦೦೯ರಿಂದ ಭಾರತ ಸರ್ಕಾರವು ಒಪ್ಪಿಕೊಂಡಿದೆ. ಮೇಲಿನ ಲೆಕ್ಕದಲ್ಲಿ ೧,೪೦,೦೦೦ ಇಳಿಯುತ್ತದೆ. ಆದರೆ ೨೦೧೮ರಿಂದ ಮಾನ್ಯತೆಯ ನಿಬಂಧನೆ ಬಿಗಿಯಾಗಿದೆ. ನ್ಯಾಕ್ ಮುಂತಾದ ಸಂಸ್ಥೆಗಳ ಮನ್ನಣೆಯಿಲ್ಲದ ಕಾಲೇಜಿಗೆ ಸೇರಿದವರಿಗೆ ಇದು ದೊರೆಯದು. ೨೦೨೪ರ ನವೆಂಬರಿನಲ್ಲಿ ಒಪ್ಪಿಗೆಯಾದ ವಿದ್ಯಾಲಕ್ಷ್ಮಿ ಯೋಜನೆಯು ಆರಿಸಿದ ಉತ್ತಮ ಸಂಸ್ಥೆಗಳಲ್ಲಿ ಅರ್ಹತೆಯಿಂದ ಸೀಟು ಪಡೆದವರಿಗೆ, ಆದಾಯ ಎಂಟು ಲಕ್ಷದವರೆಗಿದ್ದರೂ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ ಮೂರರಷ್ಟು ನೆರವು ಕೊಡುತ್ತದೆ. ನಾಲ್ಕು ಲಕ್ಷದವರೆಗೆ ಯಾವ ಆಸ್ತಿಯ ಆಧಾರವನ್ನೂ ಬ್ಯಾಂಕು ಕೇಳಬಾರದು. ೨೦೧೫ರಿಂದ ಇರುವ ಖಾತರಿ ನಿಧಿಯ ಮೂಲಕ ಏಳೂವರೆ ಲಕ್ಷದವರೆಗೂ ಹಾಗೆಯೇ ಕೊಡಬಹುದು. ಆದುದರಿಂದ ಗದ್ದೆಯ ಪತ್ರವನ್ನು ಹಿಡಿದುಕೊಂಡು ಬ್ಯಾಂಕಿಗೆ ಓಡುವ ಮುಂಚೆ ಇವೆಲ್ಲವನ್ನೂ ವಿಚಾರಿಸುವುದು ವಿಹಿತ. ಬಡ್ಡಿಯ ಮೇಲೆ ಆದಾಯ ತೆರಿಗೆಯ ವಿನಾಯಿತಿಯುಂಟೆಂದು ಕೆಲವರು ದೊಡ್ಡದಾಗಿ ಹೇಳುತ್ತಾರೆ. ತಿಂಗಳಿಗೆ ಇಪ್ಪತ್ತೈದು ಸಾವಿರ ಗಳಿಸುವವನಿಗೆ ತೆರಿಗೆಯೇ ಬೀಳುವುದಿಲ್ಲವಾದುದರಿಂದ ಆ ವಿನಾಯಿತಿಯು ಹಲ್ಲಿಲ್ಲದವನಿಗೆ ಕೊಟ್ಟ ಕಡಲೆಯಂತೆ.

ಈಗ ಮುಖ್ಯ ಪ್ರಶ್ನೆಗೆ ಬರಬೇಕು. ಇಷ್ಟು ಕೊಟ್ಟು ತಂದ ಪದವಿಯಲ್ಲಿ ಸಾರವೆಷ್ಟು?

ಸಾರವೆಂದರೇನೆಂಬುದನ್ನು ಚಿನ್ನದ ಗಣಿಯ ಸೀಮೆಯವರಿಗೆ ಹೊರಗಿನವರು ಕಲಿಸಬೇಕಾದುದಿಲ್ಲ. ಆರಂಭದ ಕಾಲದಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಮಿಗೂ ಮಿಕ್ಕು ಚಿನ್ನ ದೊರೆಯುತ್ತಿತ್ತು. ಕಡೆಕಡೆಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಚಿನ್ನವು ಚಿನ್ನವೇ ಆಗಿತ್ತು, ಅದರ ಬಣ್ಣವೇನೂ ಕೆಟ್ಟಿರಲಿಲ್ಲ. ಒಂದು ಗ್ರಾಮನ್ನು ಮೇಲಕ್ಕೆ ತರುವ ವೆಚ್ಚವು ಅದರ ಬೆಲೆಯನ್ನು ಮೀರಿತು, ಗಣಿ ಮುಚ್ಚಿತು. ಪದವಿಯ ಸ್ಥಿತಿಯೂ ಹೀಗೆಯೇ. ಅಜ್ಜನ ಕಾಲದಲ್ಲಿ ಬಿ.ಎ. ಎಂಬ ಎರಡಕ್ಷರವು ಟನ್ನಿಗೆ ನಲವತ್ತು ಗ್ರಾಮಿನ ಅದಿರು. ಈಗ ಪದವೀಧರರು ಬಹಳ, ಶುಲ್ಕ ಬಹಳ. ೨೦೨೨-೨೩ರ ಸರ್ಕಾರಿ ಶ್ರಮಬಲ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಟ್ಟಾರೆ ನಿರುದ್ಯೋಗವು ನೂರಕ್ಕೆ ೩.೨ ಆಗಿದ್ದರೆ ಪದವೀಧರರಲ್ಲಿ ಅದು ೧೩.೪ ಆಗಿತ್ತು. ಓದದವನು ಯಾವ ಕೂಲಿಗಾದರೂ ಹೋಗುತ್ತಾನೆ, ಓದಿದವನು ತಕ್ಕ ಕೆಲಸಕ್ಕೆ ಕಾಯುತ್ತಾನೆ ಎಂಬುದು ಇದಕ್ಕೆ ಒಂದು ಕಾರಣ. ಆದರೆ ಸಾಲ ಮಾಡಿದವನಿಗೆ ಕಾಯುವ ಸವುಡಿಲ್ಲ. ವಿರಾಮದ ಒಂದು ವರುಷ ಮುಗಿದೊಡನೆ ಕಂತು ಬಾಗಿಲು ತಟ್ಟುತ್ತದೆ.

ಹಾಗಾದರೆ ಪದವಿಯೇ ಬೇಡವೆ? ಕೋಲಾರದ ಸೀಮೆಯಲ್ಲಿಯೇ ಎರಡು ದೊಡ್ಡ ನಿದರ್ಶನಗಳಿವೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ತೇರ್ಗಡೆಯಾಗದೆ, ಕೆಲವು ಕಾಲ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಆಗಿನ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ೧೮೮೧ರಲ್ಲಿ ಬಿ.ಎ. ಆದ ತರುವಾಯ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತರು. ಮೊದಲನೆಯವರ ಹೆಸರು ಹೇಳಿ ಮಗನನ್ನು ಕಾಲೇಜು ಬಿಡಿಸುವುದು ಸರಿಯಲ್ಲ. ಗುಂಡಪ್ಪನವರಂಥವರು ಪದವಿಯಿಲ್ಲದೆ ಹೋದರೇ ಹೊರತು ವ್ಯಾಸಂಗವಿಲ್ಲದೆ ಹೋಗಲಿಲ್ಲ. ಎರಡನೆಯವರ ಹೆಸರು ಹೇಳಿ ಹೇಗಾದರೂ ಸಾಲಮಾಡೆನ್ನುವುದೂ ಸರಿಯಲ್ಲ. ಅವರಿಗೆ ಸಂಸ್ಥಾನವು ಕೊಟ್ಟದ್ದು ವೇತನ, ಸಾಲವಲ್ಲ. ಆಗಲಿ, ಮಹಾಪುರುಷರಿಂದ ಸಂಸಾರದ ಜಮಾಖರ್ಚನ್ನು ತೀರ್ಮಾನಿಸುವುದು ಬೇಡ.

ತೀರ್ಮಾನಕ್ಕೆ ಅಳತೆಗೋಲು ಪದವಿಯ ಹೆಸರಲ್ಲ, ಮೊದಲ ಸಂಬಳ. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪೆನಿಗಳು ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ಬಹುಕಾಲದಿಂದ ವರುಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ಕೊಡುತ್ತ ಬಂದಿವೆ. ಕೈಗೆ ಬರುವುದು ತಿಂಗಳಿಗೆ ಇಪ್ಪತ್ತೈದು ಸಾವಿರವೆಂದು ಹಿಡಿದರೆ, ಮೇಲೆ ಹೇಳಿದ ೭,೧೩೬ರ ಕಂತು ಅದರ ಕಾಲುಭಾಗಕ್ಕೂ ಹೆಚ್ಚು. ಮನೆಯಿಂದಲೇ ರೈಲಿನಲ್ಲಿ ಓಡಾಡುವ ಬಂಗಾರಪೇಟೆಯ ಹುಡುಗನು ಅದನ್ನು ತೆರಬಲ್ಲನು. ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವನಿಗೆ ಕಷ್ಟ. ಸಂಬಳವು ಹದಿನೈದು ಸಾವಿರವಾದರೆ ಅರ್ಧದಷ್ಟು ಕಂತಿಗೇ ಹೋಗುತ್ತದೆ. ಅಲ್ಲಿ ಸಾಲವು ನಿಜವಾಗಿ ಶೂಲ. ಕಂತು ಮೊದಲ ಸಂಬಳದ ಕಾಲುಭಾಗವನ್ನು ಮೀರದಂತಿದ್ದರೆ ಸಾಲ ಮಾಡಬಹುದು, ಮೂರನೆಯ ಒಂದು ಭಾಗವನ್ನು ಮುಟ್ಟಿದರೆ ಬೇಡ. ಆ ಕಾಲೇಜಿನಿಂದ, ಆ ವಿಷಯದಲ್ಲಿ ಹೋದ ವರುಷ ಹೊರಬಂದವರು ಏನು ಗಳಿಸುತ್ತಿದ್ದಾರೆಂಬುದನ್ನು ಕಾಲೇಜಿನ ಬಣ್ಣದ ಪುಸ್ತಕದಿಂದಲ್ಲ, ಆ ಹುಡುಗರ ಬಾಯಿಂದಲೇ ಕೇಳಬೇಕು. ಬೆಳಗಿನ ರೈಲಿನಲ್ಲಿ ಅವರು ಸಿಕ್ಕೇ ಸಿಗುತ್ತಾರೆ.

ಹಾಗೆ ಕೇಳಿದರೆ ಇನ್ನೊಂದೂ ತಿಳಿಯುತ್ತದೆ. ನರಸಾಪುರ, ವೇಮಗಲ್‌ಗಳ ಕೈಗಾರಿಕಾ ಪ್ರದೇಶಗಳಲ್ಲಿ, ೨೦೧೩ರಲ್ಲಿ ಆರಂಭವಾದ ಹೋಂಡಾ ಕಾರ್ಖಾನೆಯೂ ೨೦೨೦ರಿಂದೀಚೆಗೆ ಬಂದ ಫೋನುಗಳ ಕಾರ್ಖಾನೆಯೂ ಸೇರಿದಂತೆ ಅನೇಕ ಕಡೆಗಳಲ್ಲಿ, ಐ.ಟಿ.ಐ. ಮತ್ತು ಡಿಪ್ಲೊಮಾ ಕಲಿತವರಿಗೆ ಕೆಲಸವಿದೆ. ಸರ್ಕಾರಿ ಪಾಲಿಟೆಕ್ನಿಕ್ಕಿನ ಶುಲ್ಕಕ್ಕೆ ಸಾಲದ ಅವಶ್ಯಕತೆಯೇ ಬೀಳುವುದಿಲ್ಲ. ಡಿಪ್ಲೊಮಾ ಆದವನು ಮುಂದೆ ಎಂಜಿನಿಯರಿಂಗಿನ ಎರಡನೆಯ ವರುಷಕ್ಕೆ ನೇರವಾಗಿ ಸೇರಬಹುದು. ಒಂದು ವರುಷದ ಶುಲ್ಕವೂ ಉಳಿಯುತ್ತದೆ, ಕೈಯಲ್ಲಿ ಒಂದು ಕಸುಬೂ ಇರುತ್ತದೆ. ಕಾಯಕವನ್ನು ಅಷ್ಟು ಎತ್ತಿ ಹಿಡಿದ ಸಮಾಜದಲ್ಲಿ, ಮಗನು ಐ.ಟಿ.ಐ. ಓದುತ್ತಾನೆಂದು ಹೇಳಲು ತಂದೆಯು ನಾಚುವುದು ಆಶ್ಚರ್ಯಕರವಾದ ಸಂಗತಿ. ನಾಚಿಕೆಗೋಸ್ಕರ ಕೊಂಡ ಪದವಿಯಷ್ಟು ದುಬಾರಿಯಾದದ್ದು ಮತ್ತೊಂದಿಲ್ಲ.

ಎಲ್ಲಕ್ಕಿಂತ ದೊಡ್ಡ ಗಂಡಾಂತರವೆಂದರೆ ಅರ್ಧಕ್ಕೆ ನಿಂತ ವ್ಯಾಸಂಗ. ಎರಡು ವರುಷ ಓದಿ, ಗಣಿತದಲ್ಲಿಯೋ ಮತ್ತೊಂದರಲ್ಲಿಯೋ ಬಾಕಿ ಉಳಿಸಿಕೊಂಡು, ನಾಚಿಕೊಂಡು ಊರಿಗೆ ಬಂದ ಹುಡುಗನಿಗೆ ಪದವಿಯೂ ಇಲ್ಲ, ಕಸುಬೂ ಇಲ್ಲ. ಸಾಲ ಮಾತ್ರ ಪೂರ್ತಿಯಾಗಿದೆ. ಬ್ಯಾಂಕಿನ ದೃಷ್ಟಿಯಲ್ಲಿ ತೇರ್ಗಡೆಯಾದವನೂ ಆಗದವನೂ ಒಂದೇ. ಸಾಲದ ದಾಖಲೆ ಕೆಟ್ಟರೆ ಮುಂದೆ ತಮ್ಮನ ವಿದ್ಯೆಗೂ ತಂದೆಯ ಬೆಳೆಗೂ ಸಾಲ ಹುಟ್ಟುವುದು ಕಷ್ಟವಾಗುತ್ತದೆ. ಆದುದರಿಂದ ಹುಡುಗನಿಗೆ ಒಲವಿಲ್ಲದ ವಿಷಯಕ್ಕೆ, ನೆರೆಮನೆಯವನು ಸೇರಿದನೆಂಬ ಕಾರಣಕ್ಕೆ, ಸಾಲ ಮಾಡಿ ಸೇರಿಸುವುದು ಅವನನ್ನು ದೀಪವಿಲ್ಲದೆ ಸುರಂಗಕ್ಕೆ ಇಳಿಸಿದಂತೆ.

ಇದಕ್ಕಿಂತಲೂ ಕೆಟ್ಟ ಹಾದಿಗಳಿವೆ. ಅರ್ಹತೆಯ ಸೀಟು ಸಿಗದೆ ದಲ್ಲಾಳಿಯ ಮೂಲಕ ಮ್ಯಾನೇಜ್‌ಮೆಂಟ್ ಸೀಟಿಗೆ ಹೋದವರಿಗೆ ಬ್ಯಾಂಕು ಹಿಂಜರಿದಾಗ ಅವರು ಕೈಸಾಲಕ್ಕೆ ಹೋಗುತ್ತಾರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯೆಂಬುದು ಪೇಟೆಯಲ್ಲಿ ಸಲೀಸಾಗಿ ಆಡುವ ಮಾತು; ಅದು ವರುಷಕ್ಕೆ ಮೂವತ್ತಾರು. ನಾಲ್ಕು ಲಕ್ಷಕ್ಕೆ ತಿಂಗಳ ಬಡ್ಡಿಯೇ ಹನ್ನೆರಡು ಸಾವಿರ, ಅಸಲು ಒಂದು ಕಾಸೂ ಕರಗದು. ಇನ್ನು ಕೆಲವರು ತಾಯಿಯ ಒಡವೆಯನ್ನು ಗಿರವಿ ಇಡುತ್ತಾರೆ. ನೂರಿಪ್ಪತ್ತು ವರುಷ ಲೋಕಕ್ಕೆಲ್ಲ ಚಿನ್ನವನ್ನು ಎತ್ತಿಕೊಟ್ಟ ಸೀಮೆಯಲ್ಲಿ ಒಂದು ಎಳೆ ಸರವನ್ನು ಅಂಗಡಿಯಲ್ಲಿಟ್ಟು ಮಗಳ ಶುಲ್ಕ ಕಟ್ಟುವ ತಾಯಿಯನ್ನು ಕಂಡಾಗ ಯಾರ ಮನಸ್ಸೂ ಕರಗುವುದು. ಒಂದು ಕಂತಿನ ಅವಸರಕ್ಕೆ ಅದು ಆದೀತು. ನಾಲ್ಕು ವರುಷಕ್ಕೆ ಆಗದು. ಏಕೆಂದರೆ ಒಡವೆಯ ಸಾಲಕ್ಕೆ ವ್ಯಾಸಂಗಕಾಲದ ವಿರಾಮವಿಲ್ಲ, ಬಡ್ಡಿಯ ನೆರವಿಲ್ಲ, ಗಡುವು ಮೀರಿದರೆ ಹರಾಜು.

ಹೊರದೇಶಗಳಲ್ಲಿ ಈ ಕಷ್ಟ ಇಲ್ಲವೆಂದು ಯಾರೂ ಭಾವಿಸಬಾರದು. ಅಮೆರಿಕದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ವಿದ್ಯಾಸಾಲದಲ್ಲಿದ್ದಾರೆ. ಅದರ ಒಂದು ಭಾಗವನ್ನು ಮನ್ನಾ ಮಾಡಲು ಅಲ್ಲಿನ ಸರ್ಕಾರವು ಹೊರಟಾಗ ೨೦೨೩ರ ಜೂನ್ ತಿಂಗಳಲ್ಲಿ ಪರಮೋಚ್ಚ ನ್ಯಾಯಾಲಯವು ತಡೆಯಿತು. ಆಸ್ಟ್ರೇಲಿಯದವರು ೧೯೮೯ರಲ್ಲಿಯೇ ಬೇರೆ ದಾರಿ ಹಿಡಿದರು. ಅಲ್ಲಿ ಗಳಿಕೆಯು ಒಂದು ಮಿತಿಯನ್ನು ಮುಟ್ಟುವವರೆಗೆ ತೀರಿಸುವ ಮಾತಿಲ್ಲ. ಮುಟ್ಟಿದ ಮೇಲೆ ಗಳಿಕೆಗೆ ತಕ್ಕಷ್ಟು ಮುರಿದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿಯೂ ಹೆಚ್ಚುಕಡಮೆ ಹೀಗೆಯೇ. ಫಸಲು ನೋಡಿ ಕಂದಾಯ ಕಟ್ಟಿಸಿಕೊಳ್ಳುವ ಈ ಪದ್ಧತಿಯು ನಮ್ಮಲ್ಲಿಲ್ಲ. ನಮ್ಮಲ್ಲಿಯೂ ಒಮ್ಮೆ ಇದಕ್ಕೆ ಸಮೀಪವಾದುದೊಂದು ಇತ್ತು. ೧೯೬೩ರಲ್ಲಿ ಭಾರತ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನಕ್ಕೆ ಬಡ್ಡಿಯಿರಲಿಲ್ಲ. ಓದಿ ಉಪಾಧ್ಯಾಯರಾದವರಿಗೆ ಸೇವೆಯ ಒಂದೊಂದು ವರುಷಕ್ಕೆ ಸಾಲದ ಹತ್ತನೆಯ ಒಂದು ಭಾಗವನ್ನು ಬಿಟ್ಟುಕೊಡುತ್ತಿದ್ದರು. ಹತ್ತು ವರುಷ ಮಕ್ಕಳಿಗೆ ಪಾಠ ಹೇಳಿದವನು ಋಣಮುಕ್ತ. ಅಂಥ ಯೋಜನೆಯು ನಿಂತುಹೋದದ್ದು ವಿಷಾದಕರ.

ಈ ಸಮಾಜದ ಹಿರಿಯರು ಸಾಲದ ಮಾತೇ ಬಾರದಂತೆ ಮಾಡಲು ಯತ್ನಿಸಿದವರು. ೧೮೮೩ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ಧಪ್ಪನವರೂ ವಿದ್ಯಾಭಿವೃದ್ಧಿಯ ನಿಧಿಗೆ ತೊಡಗಿದರು. ೧೯೦೬ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಸ್ವತ್ತನ್ನು ವಿದ್ಯಾರ್ಥಿಗಳಿಗೆಂದು ಬರೆದಿಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಬಂಗಾರಪೇಟೆಯ ಹುಡುಗನು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದರೆ ಹತ್ತಿರದಲ್ಲಿಯೇ ಗುಬ್ಬಿ ತೋಟದಪ್ಪನವರ ಛತ್ರವಿದೆ; ೧೯೧೦ರಲ್ಲಿ ಶಿವೈಕ್ಯರಾದ ಆ ವರ್ತಕರ ಧರ್ಮದಿಂದ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವರಿಗೆ ಲೆಕ್ಕವಿಲ್ಲ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಊಟ ಮಾಡಿ ಓದುತ್ತಾರೆ. ಕಾಲೇಜಿನ ಸಾಲದಲ್ಲಿ ದೊಡ್ಡ ಪಾಲು ಶುಲ್ಕದ್ದೆಂದು ಜನ ಎಣಿಸುತ್ತಾರೆ; ಹೊರಗೂರಿನಲ್ಲಿದ್ದು ಓದುವವನಿಗೆ ಕೋಣೆಯ ಮತ್ತು ಊಟದ ವೆಚ್ಚವು ಅನೇಕ ವೇಳೆ ಶುಲ್ಕಕ್ಕೆ ಸರಿಸಮವಾಗಿ ಬರುತ್ತದೆ. ಆ ಅರ್ಧವನ್ನು ದಾಸೋಹವು ಹೊತ್ತರೆ ಸಾಲವು ಅರ್ಧಕ್ಕಿಳಿಯುತ್ತದೆ. ೨೦೨೦ರಲ್ಲಿ ಸ್ಥಾಪಿತವಾದ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಅಲ್ಪಬಡ್ಡಿಯ ವಿದ್ಯಾಸಾಲವಾಗಲಿ, ಇತರ ವರ್ಗಗಳ ನಿಗಮಗಳ ಅರಿವು ಯೋಜನೆಯಾಗಲಿ ಬ್ಯಾಂಕಿಗಿಂತ ಮುಂಚೆ ವಿಚಾರಿಸತಕ್ಕವು. ಮಠಕ್ಕೆ ಕಾಣಿಕೆಯೊಪ್ಪಿಸುವ ಅನುಕೂಲಸ್ಥರು, ಓದುವ ಒಂದು ಬಡಮಗುವಿನ ಆ ೮೩೩ ರೂಪಾಯಿಯ ತಿಂಗಳ ಬಡ್ಡಿಯನ್ನು ತಾವು ವಹಿಸಿಕೊಂಡರೂ ಅದು ಕಾಣಿಕೆಯೇ.

ಕಡೆಯದಾಗಿ ಹೆಣ್ಣುಮಕ್ಕಳ ವಿಷಯ. ಮಗನಿಗಾದರೆ ಸಾಲ ಮಾಡುವೆವು, ಮಗಳು ಮದುವೆಯಾಗಿ ಹೋಗುವವಳಲ್ಲವೆ, ಕಂತು ಕಟ್ಟುವವರಾರು ಎಂದು ಕೇಳುವ ಮನೆಗಳು ಇನ್ನೂ ಇವೆ. ಅದೇ ಮನೆಯವರು ಆ ಮಗಳ ಮದುವೆಯ ಮೂರು ದಿವಸಕ್ಕೆ ನಾಲ್ಕು ಲಕ್ಷಕ್ಕಿಂತ ಹೆಚ್ಚು ಸಾಲ ಮಾಡಲು ಹಿಂದೆಗೆಯುವುದಿಲ್ಲ. ಮದುವೆಯ ಸಾಲಕ್ಕೆ ಸಂಬಳ ಬರುವುದಿಲ್ಲ. ದಾದಿಯಾದವಳಿಗೆ, ಉಪಾಧ್ಯಾಯಿನಿಯಾದವಳಿಗೆ, ಎಂಜಿನಿಯರಾದವಳಿಗೆ ತಿಂಗಳ ಮೊದಲ ದಿವಸ ಬರುತ್ತದೆ. ಕೆಲವು ಬ್ಯಾಂಕುಗಳು ಹೆಣ್ಣುಮಕ್ಕಳ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ ಅರ್ಧದಷ್ಟು ಕಡಮೆ ಮಾಡುತ್ತವೆ. ಗಂಡುಮಗನಿಗೆ ಹಿಡಿದ ಅಳತೆಗೋಲನ್ನೇ, ಅಂದರೆ ವಿಷಯದಲ್ಲಿ ಒಲವು, ಕಾಲೇಜಿನ ಮನ್ನಣೆ, ಮೊದಲ ಸಂಬಳದ ಕಾಲುಭಾಗ, ಇವನ್ನೇ ಮಗಳಿಗೂ ಹಿಡಿಯತಕ್ಕದ್ದು. ಹಿಡಿದು ನೋಡಿ ಸರಿಯೆಂದು ಕಂಡರೆ ರುಜು ಹಾಕಬಹುದು. ಹಾಕುವ ದಿವಸ ತಾಯಿಯನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿರಿ. ಮಂಜೂರಾತಿ ಪತ್ರವನ್ನು ಕನ್ನಡದಲ್ಲಿ ಓದಿ ಹೇಳೆಂದು ಮಗಳಿಗೇ ಹೇಳಿರಿ. ಬಡ್ಡಿಯು ಏರಿಳಿಯುವುದೋ ಸ್ಥಿರವೋ, ಮೊದಲ ಕಂತು ಯಾವ ವರುಷದ ಯಾವ ತಿಂಗಳಿನದು, ವ್ಯಾಸಂಗಕಾಲದಲ್ಲಿ ಬಡ್ಡಿ ಕಟ್ಟಿದರೆ ರಿಯಾಯಿತಿ ಎಷ್ಟು, ಸಾಲಕ್ಕೆ ವಿಮೆಯುಂಟೋ ಇಲ್ಲವೋ ಎಂಬುದನ್ನು ಅವಳೇ ಒಂದು ಕಾಗದದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಲಿ.